ಸೊನ್ನೆಯಿಂದ ಹತ್ತರವರೆಗೆ

ಪ್ರಶ್ನೆ ನಾಲ್ಕೇ. ತರಬೇತಿ ಮಾತ್ರ ಮೂರು ದಿನ,
ಡೀಸಿ ಆಫೀಸಿನ ಹಿಂದಿನ ಹಾಲಿನಲ್ಲಿ, ಫ್ಯಾನಿನ ಕೆಳಗೆ.
ಕೇಳುವಾಗ ನಗಬಾರದು, ತಲೆಯಾಡಿಸಬಾರದು,
ಉತ್ತರ ತುಟಿಗೆ ಬಂದು ನಿಂತವರಿಗೆ
ದಾರಿ ತೋರಿಸಬಾರದು.
ಸೊನ್ನೆ ಅಂದರೆ ಏನೇನೂ ಇಲ್ಲ, ಹತ್ತು ಅಂದರೆ ಪೂರ್ತಿ.
ನಡುವಿನದ್ದು ಏನೆಂದು
ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬೈತಖೋಲದ ಏರಿನಲ್ಲಿ ಮೊದಲ ಮನೆ.
ಹೀರಾಬಾಯಿ ತಾಂಡೇಲ, ವಯಸ್ಸು ಅಂದಾಜು ಐವತ್ತೆಂಟು,
ಚಾಪೆಯ ಮೇಲಿನ ಬಂಗಡೆ ಮಗುಚಿ ಹಾಕುತ್ತಿದ್ದಳು.
ಒಟ್ಟಾರೆ ನಿಮ್ಮ ಬದುಕಿನ ಬಗ್ಗೆ
ನಿಮಗೆ ಎಷ್ಟು ತೃಪ್ತಿ ಇದೆ?
"ತೃಪ್ತಿ ಹೇಳಿದ್ರೆ?"
ಸಮಾಧಾನ, ಅಂದೆ.
"ಸಮಾಧಾನ ಯಾರಿಗೆ ಮಾಡ್ಬೇಕು? ಯಾರ ಮನೇಲಿ ಎಂತಾತು?"
ಕಾಗೆ ಓಡಿಸಿ ಬಂದು ಮತ್ತೆ ಕೂತಳು.
"ಕಮ್ಮಿ ಹೇಳಿದ್ರೆ ಎಂತಾರೂ ಕೊಡ್ತ್ರಾ?"
ಇಲ್ಲ.
"ಜಾಸ್ತಿ ಹೇಳಿದ್ರೆ ರೇಷನ್ ಕಾರ್ಡು ಕಿತ್ಕಂಡು ಹೋಗ್ತ್ರಾ?"
ಇಲ್ಲ.
"ಹಂಗಾದ್ರೆ ಐದು ಬರಿ. ಚೌಕಾಸಿಗೆ ಜಾಗ ಇರ್ಲಿ."

ಕೋಡಿಬಾಗದಲ್ಲಿ ದತ್ತಾರಾಮ ಕೊಠಾರಕರ,
ಕಾಳಿ ದಾಟಿಸುವ ಲಾಂಚಿನಲ್ಲಿ ಒಂದು ಕಾಲಕ್ಕೆ ಟಿಕೇಟು ಹರಿದವರು,
ಸೇತುವೆ ಬಂದ ವರ್ಷ ಕೆಲಸ ಹೋದವರು.
ಮೂರನೆಯ ಪ್ರಶ್ನೆ:
ನಿನ್ನೆ ನೀವು ಎಷ್ಟು ಸಂತೋಷವಾಗಿದ್ದಿರಿ?
ಅವರು ನನ್ನನ್ನು ಬಿಟ್ಟು ಹೊಳೆಯನ್ನು ನೋಡಿದರು.
"ಆ ಹಳೇ ಸೇತುವೆ ಬಿದ್ದ ಬೆಳಗ್ಗೆ ಕೇಳಿದ್ದರೆ
ಹತ್ತು ಅನ್ನುತ್ತಿದ್ದೆ, ಸುಳ್ಳು ಯಾಕೆ.
ಲಾರಿ ಸಮೇತ ಒಬ್ಬ ನೀರಿಗೆ ಹೋಗಿದ್ದ ಅಂತ
ಹಾಲಿನ ಹುಡುಗ ಹೇಳಿದ ಮೇಲೆ
ಆ ಹತ್ತನ್ನು ಎಲ್ಲಿ ಬಚ್ಚಿಡಲಿ ಅನ್ನಿಸಿತು.
ಬದುಕಿಕೊಂಡ ಅವನು. ಆದರೂ."
ನಮಗೆ ಬೇಕಾದದ್ದು ನಿನ್ನೆಯದು, ಅಂದೆ.
"ನಿನ್ನೆ ಏನೂ ಬೀಳಲಿಲ್ಲ," ಅಂದರು.
"ಆರು."

ಮಧ್ಯಾಹ್ನ ಮೇಲಿನವರ ಮೆಸೇಜು ಬಂತು:
ಐದು ಆರು ಜಾಸ್ತಿಯಾಗುತ್ತಿದೆ, ಸರಿಯಾಗಿ ಕೇಳಿ.

ಸುಂಕೇರಿಯ ಎಸ್ಪೆರಾನ್ಸಾ ರೊಡ್ರಿಗೀಸ್
ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳಲಿಲ್ಲ.
ನೀವು ಮಾಡುವ ಕೆಲಸಗಳು ಸಾರ್ಥಕವೆಂದು, ಎನ್ನುವಷ್ಟರಲ್ಲಿ
"ಒಂಚೂರು ಆ ಕಡೆ ಹಿಡೀತೀರಾ?"
ಒಳಕೋಣೆಯಲ್ಲಿ ಅತ್ತೆ. ನಾಲ್ಕು ವರ್ಷ.
ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು.
ಒಣಗಿದ ಗರಿಯಷ್ಟು ಹಗುರ ಮುದುಕಿ,
ಎತ್ತಲು ಮಾತ್ರ ಇಬ್ಬರು ಬೇಕು.
ಬೆನ್ನ ಮೇಲಿನ ಹತ್ತಿ ಮೆಲ್ಲಗೆ ಬಿಡಿಸಿ
ಹುಣ್ಣು ತೋರಿಸಿದಳು.
"ಪಾಸ್ಕದ ಹಬ್ಬದಲ್ಲಿ ಒಂದು ರೂಪಾಯಿ ಅಗಲ ಇತ್ತು,
ಈಗ ನೋಡಿ, ನಾಕಾಣೆ."
ನಾನು ನಗಬಾರದಿತ್ತು. ತಲೆಯಾಡಿಸಬಾರದಿತ್ತು.
ಪೌಡರು ಹಚ್ಚಿದೆವು, ಬಟ್ಟೆ ಎಳೆದು ಸರಿ ಮಾಡಿದೆವು,
ಯಾರ ಹೆಸರೋ ಹಿಡಿದು ನನ್ನನ್ನು ಕರೆದಳು ಮುದುಕಿ,
ಓ ಅಂದೆ.

ಜಗಲಿಗೆ ಬಂದಾಗ ಟ್ಯಾಬು ಕಪ್ಪಾಗಿತ್ತು.
ಹದಿನೈದು ನಿಮಿಷ ಮೀರಿದರೆ ಸಂದರ್ಶನ ತಾನೇ ರದ್ದು.
ಅಪೂರ್ಣ. ಕಾರಣ ಆರಿಸಿ:
ಮನೆಗೆ ಬೀಗ. ನಿರಾಕರಣೆ. ಭಾಷೆಯ ತೊಡಕು. ಇತರೆ.
ಇತರೆ ಒತ್ತಿದೆ.
ವಿವರ ಬರೆಯಲು ಕೊಟ್ಟ ಜಾಗದಲ್ಲಿ
ನಾಕಾಣೆ ಅಂತ ಟೈಪಿಸಿ, ಅಳಿಸಿದೆ.

ಬಸ್‌ಸ್ಟ್ಯಾಂಡಿನಲ್ಲಿ ಕೈ ಮೂಸಿದರೆ
ಪೌಡರೂ ಬಂಗಡೆಯೂ ಒಟ್ಟಿಗೆ.
ಈ ದೇಶಕ್ಕೊಂದು ಅಂಕಿ ಬರುತ್ತದಂತೆ ಮಾರ್ಚಿನಲ್ಲಿ,
ದಶಮಾಂಶದ ಒಂದು ಸ್ಥಾನದವರೆಗೆ.
ಆ ಚುಕ್ಕಿಯ ಬಲಕ್ಕೆ ಎಲ್ಲೋ
ಹೀರಾಬಾಯಿಯ ಚೌಕಾಸಿ ಇರುತ್ತದೆ,
ಬಿದ್ದಿರದ ಒಂದು ನಿನ್ನೆ ಇರುತ್ತದೆ.

ಅಂಕೋಲಾ, ಅಂದೆ.
ಕಂಡಕ್ಟರು ಮಷಿನ್ನು ಒತ್ತಿ ಹರಿದು ಕೊಟ್ಟ:
ಹೆಂಗಸರು, ಒಬ್ಬರು. ಸೊನ್ನೆ ರೂಪಾಯಿ.
ಅದನ್ನೇ ಹಿಡಿದು ಕಿಟಕಿ ಪಕ್ಕ ಕೂತೆ.
ಸೊನ್ನೆ ನನ್ನನ್ನು ಮನೆತನಕ ಬಿಟ್ಟಿತು.